ಮೋಟರ್ ನಿಲ್ಲಿಸೋಕೆ ಮಾತು ಸಾಕು, ಶುರು ಮಾಡೋಕೆ ಬೆರಳೇ ಬೇಕು



ಫೋನಿಗೆ ಬಾಯಲ್ಲೇ ಹೇಳಿ ಕೆಲಸ ಮಾಡಿಸೋದು ಈಗ ಹೊಸ ವಿಷಯವಲ್ಲ. ಕನ್ನಡದಲ್ಲಿ ಮಾತಾಡಿದ್ದನ್ನು ಅಕ್ಷರ ಮಾಡುವ ಸೌಲಭ್ಯ ಗೂಗಲ್ ಕೀಬೋರ್ಡ್‌ಗೆ 2017ರಲ್ಲೇ ಬಂತು. ಜೆಮಿನಿ ಆ್ಯಪ್ 2024ರಲ್ಲಿ ಭಾರತಕ್ಕೆ ಬಂದಾಗ ಇಂಗ್ಲಿಷ್ ಜೊತೆಗೆ 9 ಭಾರತೀಯ ಭಾಷೆಗಳಲ್ಲಿ ಸಿಕ್ಕಿತು, ಅದರಲ್ಲಿ ಕನ್ನಡವೂ ಒಂದು. ಕೈಯೆಲ್ಲ ಮಣ್ಣಾಗಿರುವಾಗ ಟೈಪ್ ಮಾಡೋದಕ್ಕಿಂತ ಹೇಳೋದು ಸುಲಭ ಅನ್ನೋದರಲ್ಲಿ ಎರಡು ಮಾತಿಲ್ಲ. ಆದರೂ ಈ ಬಗ್ಗೆ ನಮ್ಮ ಹುಡುಗರನ್ನ ಮಾತಿಗೆ ಎಳೆದರೆ ಸಿಗೋದು ಎರಡೇ ಥರದ ಉತ್ತರ. ಒಂದು, "ಅಯ್ಯೋ, ಅದಕ್ಕೆ ನಮ್ಮ ಕನ್ನಡ ಬರಲ್ಲ ಬಿಡಣ್ಣ." ಇನ್ನೊಂದು, "ಎಲ್ಲಾ ಅದರ ಕೈಲೇ ಮಾಡಿಸ್ತೀನಿ, ಬೋರ್ ಮೋಟರ್ ಕೂಡ ಬಾಯಲ್ಲೇ ಹಾಕ್ತೀನಿ." ನನಗೆ ಎರಡೂ ಒಪ್ಪಿಗೆ ಇಲ್ಲ. ಕಲಿಸಿದರೆ ಅದಕ್ಕೆ ನಮ್ಮ ಮಾತು ಸಾಕಷ್ಟು ಬರುತ್ತೆ. ಎಷ್ಟೇ ಕಲಿಸಿದರೂ ಕೆಲವು ಕೆಲಸ ಅದರ ಕೈಗೆ ಕೊಡಬಾರದು. ಕಲಿಸೋದರಿಂದಲೇ ಶುರು ಮಾಡ್ತೀನಿ.

ನೀವು ಒಂದು ಮಾತು ಹೇಳಿದಾಗ ಒಳಗೆ ಮೂರು ಕೆಲಸ ನಡೆಯುತ್ತೆ. ಮೊದಲು ನಿಮ್ಮ ದನಿ ಅಕ್ಷರವಾಗಬೇಕು. ಆಮೇಲೆ ಆ ಅಕ್ಷರ ನೋಡಿ ನೀವು ಏನು ಕೇಳ್ತಿದ್ದೀರಿ ಅಂತ ಅದು ಲೆಕ್ಕ ಹಾಕಬೇಕು. ಕೊನೆಗೆ ಕಾಲ್ ಮಾಡೋದೋ, ಮೆಸೇಜ್ ಕಳಿಸೋದೋ, ಅಲಾರಂ ಇಡೋದೋ, ಉತ್ತರ ಹೇಳೋದೋ, ಅದನ್ನ ಮಾಡಬೇಕು. ಫೋನನ್ನ ಬೈಯೋ ಮುಂಚೆ ಈ ಮೂರರಲ್ಲಿ ಎಲ್ಲಿ ಎಡವಿತು ಅಂತ ನೋಡಿ. ಪರದೆ ಮೇಲೆ ಅದು ಬರೆದುಕೊಂಡ ಅಕ್ಷರ ಓದಿದರೆ ಸಾಕು. ಅಕ್ಷರವೇ ತಪ್ಪಿದ್ದರೆ ಕಿವಿಯ ತಪ್ಪು. ಅಕ್ಷರ ಸರಿಯಿದ್ದು ಉತ್ತರ ಎಲ್ಲೋ ಹೋಗಿದ್ದರೆ ಅದು ತಿಳಿವಳಿಕೆಯ ತಪ್ಪು. ಎರಡಕ್ಕೂ ಔಷಧಿ ಬೇರೆ ಬೇರೆ. ಎಲೆ ಹಳದಿಯಾದ ಕೂಡಲೇ ಯೂರಿಯಾ ಚೆಲ್ಲಿದರೆ ಆಗುತ್ತಾ? ಬೇರು ಕೊಳೆತಿದೆಯಾ ಅಂತ ನೋಡಬೇಕಲ್ವಾ, ಹಾಗೆ.

ಕಿವಿಯ ವಿಷಯಕ್ಕೆ ಬಂದರೆ, ಈ ಯಂತ್ರಗಳು ಜನ ಮಾತಾಡಿದ ಸಾವಿರಾರು ಗಂಟೆ ರೆಕಾರ್ಡಿಂಗ್ ಕೇಳಿ ಕಲಿತವು. ಅನುಮಾನ ಬಂದಾಗ ಅವು ತಾವು ಹೆಚ್ಚು ಸಲ ಕೇಳಿದ ಪದದ ಕಡೆಗೇ ವಾಲುತ್ತವೆ. ಸುದ್ದಿಯಲ್ಲಿ, ಪುಸ್ತಕದಲ್ಲಿ ಸಾವಿರ ಸಲ ಬರುವ ಪದ ಗೆಲ್ಲುತ್ತೆ, ಹೊಲದ ಪದ ಸೋಲುತ್ತೆ. ಮಂಡ್ಯ, ಮೈಸೂರು ಕಡೆಯ ಹಳ್ಳಿಯವರು ಹಾಲನ್ನು 'ಆಲು' ಅಂತಾರೆ, ಹತ್ತನ್ನು 'ಅತ್ತು' ಅಂತಾರೆ. ಮನುಷ್ಯರಿಗೆ ಇದು ಸಮಸ್ಯೆಯೇ ಅಲ್ಲ, ಯಂತ್ರಕ್ಕೆ ಬೇರೆಯೇ ಪದ.

ಅಕ್ಷರ ಸರಿಯಾಗಿ ಬಂದರೂ ತಿಳಿವಳಿಕೆ ತಪ್ಪೋದು ಇನ್ನೂ ತಮಾಷೆ. 2018ರಲ್ಲಿ ಭಾರತದಲ್ಲೇ ಮೊದಲ ಸಲ ನಮ್ಮ ಶಿವಮೊಗ್ಗದಲ್ಲಿ ಕಾಣಿಸಿಕೊಂಡ ಫಾಲ್ ಆರ್ಮಿವರ್ಮ್ ಹುಳಕ್ಕೆ ನಾವೆಲ್ಲ ಕರೆಯೋದು ಲದ್ದಿ ಹುಳ ಅಂತ. ಸುಳಿಯೊಳಗೆ ಕೂತು ತಿಂದು ಕಂತೆ ಕಂತೆ ಲದ್ದಿ ಹಾಕುತ್ತಲ್ಲ, ಅದಕ್ಕೆ. ಒಂದು ಸಹಾಯಕ ಆ್ಯಪ್‌ಗೆ, ಯಾವುದು ಅನ್ನೋದು ಬೇಡ, "ಲದ್ದಿ ಹುಳಕ್ಕೆ ಏನು ಮಾಡಬೇಕು" ಅಂತ ಕೇಳಿದ್ದಕ್ಕೆ ಅದು ಸಗಣಿ, ಎರೆಹುಳು ಗೊಬ್ಬರ ಅಂತ ಶುರು ಮಾಡ್ತು. ಅಕ್ಷರ ಒಂದೂ ತಪ್ಪಿರಲಿಲ್ಲ. ಹಾಗೇ "ಇವತ್ತು ಹೆಸರು ರೇಟ್ ಎಷ್ಟು" ಅಂದರೆ "ಯಾರ ಹೆಸರು?" ಅಂತ ಕೇಳೋದು ಅದರ ಲೆಕ್ಕಕ್ಕೆ ಸರಿಯೇ. ಹಾವೇರಿ, ಧಾರವಾಡದ ಕಡೆ "ಎಣ್ಣಿ ಹೊಡಿಬೇಕು" ಅಂದರೆ ಕೀಟನಾಶಕ ಸಿಂಪಡಿಸಬೇಕು ಅಂತ ಅರ್ಥ. ಯಂತ್ರ ಅಡುಗೆ ಎಣ್ಣೆ ಹಿಡ್ಕೊಂಡು ಕೂತರೆ ಯಾರನ್ನ ಬೈಯೋಣ?

ಇಲ್ಲಿ ಎಲ್ಲರೂ ಕೊಡೋ ಸಲಹೆ ಒಂದಿದೆ: ಫೋನ್ ಜೊತೆ ಶುದ್ಧವಾಗಿ, ಪುಸ್ತಕದ ಕನ್ನಡದಲ್ಲಿ ಮಾತಾಡಿ ಅಂತ. ನಾನು ಈ ಸಲಹೆಗೆ ಪೂರ್ತಿ ವಿರುದ್ಧ. ನೀವು ಹೇಗೋ ಹೊಂದ್ಕೋತೀರಿ. ಮನೆಯಲ್ಲಿರೋ ಅವ್ವ, ಅಜ್ಜ ಹೊಂದ್ಕೊಳ್ಳಲ್ಲ. ಟೈಪ್ ಮಾಡೋಕೆ ಬಾರದ ಅವರಿಗೇ ಈ ಮಾತಿನ ಸೌಲಭ್ಯ ಹೆಚ್ಚು ಬೇಕಾಗಿರೋದು. ಅವರು ಗೋವಿನಜೋಳ ಅಂದರೆ ಗೋವಿನಜೋಳ, ಶೇಂಗಾ ಅಂದರೆ ಶೇಂಗಾ. ಪದ ಬದಲಿಸಬೇಕಾದ್ದು ಅವರಲ್ಲ, ಫೋನಿಗೆ ಹೇಳಿಕೊಡಬೇಕಾದ್ದು ನಾವು.

ಹೇಳಿಕೊಡೋದು ಅಂದರೆ ಏನು? ಹತ್ತು ಸಲ ಕಿರುಚಿದರೆ ಅದು ಕಲಿಯಲ್ಲ. ನೀವು ಬೈದಿದ್ದಕ್ಕೆ ಅದರ ಕಿವಿ ಆ ಕ್ಷಣಕ್ಕೆ ತಿದ್ದಿಕೊಳ್ಳಲ್ಲ. ನಮ್ಮ ಕೈಲಿ ಬದಲಾಯಿಸೋಕೆ ಆಗೋದು ಅದರ ಪಕ್ಕದಲ್ಲಿ ಇಡುವ ಚೀಟಿಯನ್ನ. ಚಾಟ್‌ಜಿಪಿಟಿ, ಜೆಮಿನಿಯಂಥ ಮಾತಾಡುವ ಸಹಾಯಕಗಳಲ್ಲಿ ನಿಮ್ಮ ಬಗ್ಗೆ ಕೆಲವು ಸಂಗತಿ ನೆನಪಿಟ್ಟುಕೊಳ್ಳುವ ವ್ಯವಸ್ಥೆ ಇದೆ. ಒಂದು ಸಂಜೆ ಕೂತು ಅದಕ್ಕೆ ಹೀಗೆ ಹೇಳಿ, ಇಲ್ಲಾ ಟೈಪ್ ಮಾಡಿ:

"ನಾನು ಗೋವಿನಜೋಳ ಅಂದರೆ ಮೆಕ್ಕೆಜೋಳ. ಲದ್ದಿ ಹುಳ ಅಂದರೆ ಫಾಲ್ ಆರ್ಮಿವರ್ಮ್. ಎಣ್ಣಿ ಹೊಡೆಯೋದು ಅಂದರೆ ಕೀಟನಾಶಕ ಸಿಂಪಡಿಸೋದು. ಹೆಸರು ರೇಟ್ ಅಂದರೆ ಹೆಸರುಕಾಳಿನ ಧಾರಣೆ. ನನ್ನ ಜಮೀನು 2 ಎಕರೆ 10 ಗುಂಟೆ, 40 ಗುಂಟೆಗೆ 1 ಎಕರೆ. ನನ್ನ ಸ್ಪ್ರೇ ಟ್ಯಾಂಕ್ 16 ಲೀಟರ್. ನಾನು ಅಳತೆ, ಸಂಖ್ಯೆ ಏನೇ ಹೇಳಿದರೂ ಮೊದಲು ಅದನ್ನ ನನಗೆ ವಾಪಸ್ ಹೇಳು, ನಾನು ಹೌದು ಅಂದ ಮೇಲೆ ಉತ್ತರ ಕೊಡು. ಇದನ್ನ ನೆನಪಿಟ್ಕೋ."

ಆಮೇಲೆ "ನನ್ನ ಬಗ್ಗೆ ಏನು ನೆನಪಿದೆ" ಅಂತ ಕೇಳಿ ಪರೀಕ್ಷೆ ಮಾಡಿ. ನಿಮ್ಮ ಆ್ಯಪ್‌ನಲ್ಲಿ ನೆನಪಿನ ಸೌಲಭ್ಯ ಇಲ್ಲದಿದ್ದರೆ ಇದೇ ಚೀಟಿಯನ್ನ ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಂಡು ಇಟ್ಕೊಳ್ಳಿ, ಪ್ರತಿ ಸಲ ಮೊದಲು ಅದನ್ನ ಅಂಟಿಸಿ ಆಮೇಲೆ ಪ್ರಶ್ನೆ ಕೇಳಿ. ಚೀಟಿಯಲ್ಲಿ ಆಧಾರ್ ನಂಬರ್, ಬ್ಯಾಂಕ್ ಖಾತೆ, ಪಿನ್ ಇಂಥವು ಬೇಡವೇ ಬೇಡ. ಟ್ಯಾಂಕ್ ಅಳತೆ ಲೀಕ್ ಆದರೆ ಏನೂ ಆಗಲ್ಲ.

ಎಕರೆಯನ್ನ ಗುಂಟೆ ಲೆಕ್ಕದಲ್ಲಿ ಹೇಳಿ ಅಂದಿದ್ದಕ್ಕೂ ಕಾರಣ ಇದೆ. "ಎರಡೂಕಾಲು ಎಕರೆ" ಅಂದರೆ ಯಂತ್ರ "ಎರಡು ಕಾಲು" ಅಂತ ಬರೆದುಕೊಂಡು ಕುರಿನೋ ಕೋಳಿನೋ ಅಂತ ಯೋಚನೆ ಮಾಡಬಹುದು.

ಇನ್ನೊಂದು ಸುಲಭದ ಕೆಲಸ ಫೋನ್ ನಂಬರ್‌ಗಳ ಹೆಸರು. ನಮ್ಮ ಕಡೆ ಪ್ರತಿಯೊಬ್ಬರ ಫೋನಲ್ಲೂ ಏಳೆಂಟು ಮಂಜುನಾಥ ಇರ್ತಾರೆ. "ಮಂಜಂಗೆ ಫೋನ್ ಮಾಡು" ಅಂದರೆ ಮನುಷ್ಯರಿಗೇ ಗೊತ್ತಾಗಲ್ಲ. ಜನರನ್ನ ಕೆಲಸದ ಹೆಸರಲ್ಲಿ ಇಟ್ಕೊಳ್ಳಿ: ಲೈನ್‌ಮನ್, ಗೊಬ್ಬರದ ಅಂಗಡಿ, ದನದ ಡಾಕ್ಟ್ರು, ಟ್ರ್ಯಾಕ್ಟರ್ ರಮೇಶ. ಹೆಸರು ಉದ್ದ ಇದ್ದಷ್ಟೂ, ಒಂದಕ್ಕೊಂದು ಹೋಲದಿದ್ದಷ್ಟೂ ಒಳ್ಳೆಯದು. 'ಹೇ ಗೂಗಲ್' ಅಂತ ಕೆಲವು ಸಲ ಹೇಳಿಸಿಕೊಂಡು ನಿಮ್ಮ ದನಿ ಗುರುತಿಟ್ಟುಕೊಳ್ಳುತ್ತಲ್ಲ, ಅದು ನಿಮ್ಮ ದನಿಯನ್ನ ಗುರುತಿಡುತ್ತೆ ಅಷ್ಟೇ, ನಿಮ್ಮ ಪದಗಳನ್ನ ಕಲಿಯಲ್ಲ. ಅದು ಬೀಗವೂ ಅಲ್ಲ. ಹೋಲುವ ದನಿಗೆ, ರೆಕಾರ್ಡ್ ಮಾಡಿದ ದನಿಗೆ ಮೋಸ ಹೋಗಬಹುದು ಅಂತ ಗೂಗಲ್‌ನವರೇ ಸೆಟ್ಟಿಂಗ್‌ನಲ್ಲಿ ಹೇಳ್ತಾರೆ. ಅಣ್ಣ ತಮ್ಮಂದಿರ ದನಿ ಎಷ್ಟೋ ಮನೆಯಲ್ಲಿ ಅಪ್ಪನಿಗೇ ಗೊತ್ತಾಗಲ್ಲ.

ಕ್ರಿಯಾಪದ ಕೊನೆಗೆ ಬರೋ ಭಾಷೆ

ಈಗ ಹೇಳೋದು ಸ್ವಲ್ಪ ಗಮನ ಇಟ್ಟು ಓದಿ, ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

ಕನ್ನಡದಲ್ಲಿ ಮಾಡಬೇಕಾದ ಕೆಲಸ ವಾಕ್ಯದ ಕೊನೆಗೆ ಬರುತ್ತೆ. ಬೇಡ ಅನ್ನೋದು ಅದಕ್ಕಿಂತಲೂ ಕೊನೆಗೆ ಬರುತ್ತೆ. "ಮೋಟರ್ ಆನ್ ಮಾಡು" ಮತ್ತು "ಮೋಟರ್ ಆನ್ ಮಾಡಬೇಡ" ಇವೆರಡಕ್ಕೂ ಇರೋ ವ್ಯತ್ಯಾಸ ಬಾಲದಲ್ಲಿ ಮಾತ್ರ. ಮಾತಾಡುವ ಸಹಾಯಕ ನೀವು ಮಾತು ನಿಲ್ಲಿಸಿದ್ರಿ ಅಂತ ತಿಳಿಯೋದು ಹೇಗೆ? ಸ್ವಲ್ಪ ಹೊತ್ತು ಸದ್ದು ಬರದಿದ್ದರೆ ಮುಗೀತು ಅಂತ ಕಿವಿ ಮುಚ್ಚಿಕೊಳ್ಳುತ್ತೆ. ಹೊಲದಲ್ಲಿ ನಿಂತು ಮಾತಾಡುವಾಗ ನಾವು ನಡುವೆ ಉಸಿರು ತಗೋತೀವಿ, ಯಾರನ್ನೋ ಕರೀತೀವಿ, ನೆಟ್‌ವರ್ಕ್ ಒಂದು ಕ್ಷಣ ಹೋಗುತ್ತೆ. ಆಗ ಮೊದಲು ಕತ್ತರಿಸಿ ಹೋಗೋದು ಆ ಬಾಲ. "ಆ ಮೋಟರ್ ಈಗಲೇ ಆನ್ ಮಾಡ..." ಅಂತ ಬರೆದುಕೊಂಡ ಯಂತ್ರ ಉಳಿದಿದ್ದನ್ನ ತಾನೇ ತುಂಬಿಸುತ್ತೆ. ತುಂಬಿಸೋವಾಗ ಹೆಚ್ಚು ಕೇಳಿದ ಪದದ ಕಡೆಗೆ ವಾಲುತ್ತೆ ಅಂದೆನಲ್ಲ.

ಅದರ ಮೇಲೆ ಈ ಆನ್ ಮತ್ತು ಆಫ್. ಗಾಳಿ ಬೀಸುವಾಗ, ಪಕ್ಕದಲ್ಲಿ ಟ್ರ್ಯಾಕ್ಟರ್ ಓಡುವಾಗ ಇವೆರಡನ್ನೂ ಹೇಳಿ ನೋಡಿ. ಮೊದಲ ಸದ್ದು ಒಂದೇ, ವ್ಯತ್ಯಾಸ ಇರೋದು ಕೊನೆಯ ಒಂದು ಚೂರಲ್ಲಿ. ಒಂದಕ್ಕೊಂದು ಪೂರ್ತಿ ಉಲ್ಟಾ ಇರೋ ಎರಡು ಆಜ್ಞೆಗಳಿಗೆ ಇಷ್ಟು ಹತ್ತಿರದ ಹೆಸರು ಇಟ್ಟುಕೊಂಡರೆ ಹೇಗೆ? ನಮ್ಮ ಹಿರಿಯರು ಎತ್ತು ಪಳಗಿಸುವಾಗ ನಿಲ್ಲೋಕೆ ಒಂದು ಕೂಗು, ನಡೆಯೋಕೆ ಇನ್ನೊಂದು ಕೂಗು ಇಟ್ಟಿದ್ದರು, ಒಂದು ಇನ್ನೊಂದರಂತೆ ಕೇಳಿಸ್ತಿರಲಿಲ್ಲ. ಎತ್ತಿನ ಜೊತೆ ಯಾರೂ ಪೂರ್ತಿ ವಾಕ್ಯ ಮಾತಾಡ್ತಿರಲಿಲ್ಲ ಅನ್ನೋದನ್ನೂ ಗಮನಿಸಿ.

ಹಾಗಾಗಿ ಫೋನಿಗೆ ಆಜ್ಞೆ ಇಟ್ಟುಕೊಳ್ಳುವಾಗ ಪದಗಳನ್ನ ನೀವೇ ಆರಿಸಿ. ಕೆಲವು ಸಹಾಯಕಗಳಲ್ಲಿ 'ರೊಟೀನ್' ಅಂತ ಇರುತ್ತೆ: ನೀವು ಇಂಥ ಮಾತು ಹೇಳಿದರೆ ಇಂಥ ಕೆಲಸ ಮಾಡು ಅಂತ ಮೊದಲೇ ಕಟ್ಟಿಡಬಹುದು. ಅದು ಯಾವ ಭಾಷೆಯಲ್ಲಿ ಸಿಗುತ್ತೆ, ಮೆನು ಎಲ್ಲಿದೆ ಅನ್ನೋದು ಫೋನಿಂದ ಫೋನಿಗೆ ಬದಲಾಗುತ್ತೆ. ನಿಲ್ಲಿಸೋದಕ್ಕೆ "ನೀರು ಸಾಕು" ಅಂತ ಇಟ್ಕೊಳ್ಳಿ. ಚಿಕ್ಕದು, ಬೇರೆ ಯಾವುದಕ್ಕೂ ಹೋಲಲ್ಲ, 'ಬೇಡ' ಅನ್ನೋ ಬಾಲವಿಲ್ಲ. ಮನೆಯಲ್ಲಿ, ಹೊಲದಲ್ಲಿ, ಗಾಳಿಯಲ್ಲಿ, ಬೈಕ್ ಪಕ್ಕದಲ್ಲಿ ನಿಂತು ಇಪ್ಪತ್ತು ಸಲ ಹೇಳಿ ಎಷ್ಟು ಸಲ ಸರಿಯಾಗಿ ಕೇಳಿಸ್ಕೊಳ್ತು ಅಂತ ಬರೆದಿಟ್ಕೊಳ್ಳಿ. ಬೀಜದ ಮೊಳಕೆ ಪರೀಕ್ಷೆ ಮಾಡದೆ ಬಿತ್ತದವರು ಇದನ್ನೂ ಪರೀಕ್ಷೆ ಮಾಡದೆ ನಂಬಬಾರದು.

ಪಾಯಿಂಟ್ ಹಾರಿ ಹೋದರೆ

ಸಂಖ್ಯೆಗಳ ವಿಷಯದಲ್ಲಿ ನನಗೆ ಭಯವೇ ಇದೆ. ಮೆಕ್ಕೆಜೋಳದ ಲದ್ದಿ ಹುಳಕ್ಕೆ ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಶಿಫಾರಸು ಇರೋದು ಲೀಟರ್ ನೀರಿಗೆ 0.4 ಗ್ರಾಂ. 16 ಲೀಟರ್ ಟ್ಯಾಂಕ್‌ಗೆ 6.4 ಗ್ರಾಂ. ಇದನ್ನ ನಾವು ಬಾಯಲ್ಲಿ ಹೇಳೋದು "ಪಾಯಿಂಟ್ ನಾಲ್ಕು" ಅಂತ. ಆ 'ಪಾಯಿಂಟ್' ಗಾಳಿಗೆ ಹೋದರೆ ಉಳಿಯೋದು ನಾಲ್ಕು. ಟ್ಯಾಂಕ್‌ಗೆ 64 ಗ್ರಾಂ ಆಯ್ತು, ಹತ್ತು ಪಟ್ಟು. ಅದೇ ಗಾಳಿಗೆ "ಹದಿನಾರು ಲೀಟರ್" ಅನ್ನೋದರ ಮೊದಲಿನ ಚೂರು ಹೋದರೆ ಆರು ಲೀಟರ್. "ಎಪ್ಪತ್ತು, ಎಂಬತ್ತು" ಅನ್ನೋದು ಫೋನಲ್ಲಿ ಮನುಷ್ಯರ ನಡುವೆಯೇ ಎಷ್ಟು ಸಲ ಅದಲು ಬದಲಾಗಿದೆ ನಿಮಗೇ ಗೊತ್ತು.

ಚೀಟಿಯಲ್ಲಿ "ಸಂಖ್ಯೆ ವಾಪಸ್ ಹೇಳು" ಅಂತ ಬರೆಸಿದ್ದು ಇದಕ್ಕೇ. ಅದರ ಜೊತೆಗೆ ನನ್ನದೊಂದು ಹಟ: ಔಷಧಿ ಪ್ರಮಾಣವನ್ನ ಬಾಯಲ್ಲಿ ಕೇಳಿ, ಕಿವಿಯಲ್ಲಿ ಕೇಳಿಸ್ಕೊಂಡು ಟ್ಯಾಂಕ್‌ಗೆ ಹಾಕಬಾರದು. ಯಂತ್ರ ಎಷ್ಟೇ ಗಟ್ಟಿಯಾಗಿ ಹೇಳಿದರೂ ಡಬ್ಬಿಯ ಮೇಲಿನ ಲೇಬಲ್, ಒಳಗಿನ ಚೀಟಿ ಕಣ್ಣಲ್ಲಿ ಓದಿ. ಅಕ್ಷರ ಸಣ್ಣದಿದ್ದರೆ ಫೋಟೊ ತೆಗೆದು ದೊಡ್ಡದು ಮಾಡಿ ಓದಿ. ಅನುಮಾನ ಉಳಿದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ. ಆ ಕಡೆ ಇರೋದು ಮನುಷ್ಯರು, ಲದ್ದಿ ಹುಳ ಅಂದರೆ ಅವರಿಗೆ ಗೊತ್ತಾಗುತ್ತೆ.

ಮೋಟರ್ ವಿಷಯ

ನಮ್ಮಲ್ಲಿ ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ದಿನಕ್ಕೆ ಏಳು ಗಂಟೆ ಅಂತ ಲೆಕ್ಕ, ಅದೂ ಪಾಳಿಯಲ್ಲಿ. ರಾತ್ರಿ ಪಾಳಿ ಬಂದರೆ ಹಾವು, ಚೇಳು, ಕೆಲವು ಕಡೆ ಚಿರತೆ, ಕರಡಿ. ಅದಕ್ಕೇ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್ ಊರೂರಿಗೂ ಬಂದಿರೋದು. ಸ್ಟಾರ್ಟರ್‌ನ ಸಿಮ್ ನಂಬರಿಗೆ ಕಾಲ್ ಮಾಡಿ ಬಟನ್ ಒತ್ತಿದರೆ, ಇಲ್ಲಾ ಮೆಸೇಜ್ ಕಳಿಸಿದರೆ ಮೋಟರ್ ಓಡುತ್ತೆ, ನಿಲ್ಲುತ್ತೆ. ಆ ನಂಬರನ್ನ 'ಮೋಟರ್' ಅಂತ ಸೇವ್ ಮಾಡಿಕೊಂಡರೆ ಮುಗೀತು, ಫೋನಿನ ಸಹಾಯಕಕ್ಕೆ ಮೋಟರ್ ಕೂಡ ಒಬ್ಬ ಮಂಜುನಾಥನ ಥರ ಒಂದು ಕಾಂಟ್ಯಾಕ್ಟ್. ಬಾಯಲ್ಲಿ ಹೇಳಿ ಬೋರ್ ಓಡಿಸೋದು ಇವತ್ತೇ ಸಾಧ್ಯ. ಹುಡುಗರು ಇದನ್ನ ವಿಡಿಯೊ ಮಾಡಿ ಹಾಕ್ತಾರೆ, ಲೈಕ್ ಬರುತ್ತೆ.

ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ. ನಿಲ್ಲಿಸೋ ಆಜ್ಞೆಯನ್ನ ಬಾಯಿಗೆ ಕೊಡಿ. ಶುರು ಮಾಡೋ ಆಜ್ಞೆಯನ್ನ ಕೊಡಬೇಡಿ.

ಯಾಕೆ ಅಂದರೆ ಎರಡೂ ತಪ್ಪಿದಾಗ ಆಗೋ ನಷ್ಟ ಒಂದೇ ಅಲ್ಲ. ತಪ್ಪಿ ಮೋಟರ್ ನಿಂತರೆ ಒಂದರ್ಧ ಗಂಟೆ ನೀರು ಹೋಯ್ತು. ತಪ್ಪಿ ಮೋಟರ್ ಓಡಿದರೆ ಅಲ್ಲಿ ಯಾರು ಏನು ಮಾಡ್ತಿದ್ದಾರೆ ಅಂತ ಮನೆಯಲ್ಲಿರೋ ಫೋನಿಗೆ ಗೊತ್ತಿಲ್ಲ. ತಮ್ಮ ಸ್ಟಾರ್ಟರ್ ಡಬ್ಬಿ ತೆಗೆದು ವೈರ್ ಬಿಗಿ ಮಾಡ್ತಿರಬಹುದು. ಅಪ್ಪ ಪೈಪಿನ ಜಾಯಿಂಟ್ ಬಿಚ್ಚಿ ಕೈ ಹಾಕಿರಬಹುದು. ತೆರೆದ ಬಾವಿಯಲ್ಲಿ ಯಾರೋ ಫುಟ್‌ವಾಲ್ವ್ ನೋಡೋಕೆ ಇಳಿದಿರಬಹುದು. ಆ ಹೊತ್ತಿಗೆ ಮನೆಯಲ್ಲಿ ಯಾರೋ "ಮೋಟರ್ ಹಾಕಿದ್ಯಾ" ಅಂತ ಇನ್ನೊಬ್ಬರನ್ನ ಕೇಳಿದ್ದನ್ನೇ ಫೋನು ತನಗೆ ಹೇಳಿದ ಆಜ್ಞೆ ಅಂತ ತಿಳಿದರೆ? ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾಗಿ ಕೇಳಿಸ್ಕೊಳ್ಳೋ ಫೋನು ತುಂಬಾ ಒಳ್ಳೆ ಫೋನೇ. ದಿನಕ್ಕೆರಡು ಸಲ ಮೋಟರ್ ಹಾಕೋ ಮನೆಯಲ್ಲಿ ಆ ನೂರನೇ ಸಲ ಎರಡು ತಿಂಗಳ ಒಳಗೇ ಬಂದುಬಿಡುತ್ತೆ.

"ರಾತ್ರಿ ಎರಡು ಗಂಟೆಗೆ ಎದ್ದು ಫೋನ್ ಹುಡುಕಬೇಕಾ" ಅಂತ ಕೇಳ್ತೀರಿ. ಕೈಗೆ ಸಿಗೋ ಹಾಗೆ ದಿಂಬಿನ ಪಕ್ಕದಲ್ಲೇ ಇರುತ್ತೆ, ಎರಡು ಸಲ ಒತ್ತಿದರೆ ಆಯ್ತು. ಬಾಯಲ್ಲಿ ಹೇಳೋದರಿಂದ ಉಳಿಯೋದು ಐದು ಸೆಕೆಂಡ್. ಗೊಬ್ಬರದ ಅಂಗಡಿಗೆ ಸಾವಿರಾರು ರೂಪಾಯಿ ಕಳಿಸುವಾಗ ಫೋನು ಕೊನೆಯಲ್ಲಿ ಪಿನ್ ಕೇಳುತ್ತೆ, ನಾವು ಬೇಸರ ಮಾಡ್ಕೊಳ್ಳದೆ ಒತ್ತುತ್ತೀವಿ. ದುಡ್ಡಿಗೆ ಇರೋ ಬೀಗ ಜೀವಕ್ಕೆ ಬೇಡ್ವಾ?

ಇನ್ನು ಸ್ಟಾರ್ಟರ್ ಬಗ್ಗೆ. ಒಂದೇ ಕಾಲ್‌ಗೆ ನಿಂತಿದ್ದರೆ ಓಡೋದು, ಓಡ್ತಿದ್ದರೆ ನಿಲ್ಲೋದು, ಇಂಥ ವ್ಯವಸ್ಥೆ ಇರೋ ಸ್ಟಾರ್ಟರ್ ನಿಮ್ಮದಾದರೆ ಅದನ್ನ ಮಾತಿಗೆ ಜೋಡಿಸಲೇಬೇಡಿ, ನಿಲ್ಲಿಸೋಕೂ ಬೇಡ. ನೀವು ನಿಲ್ಲಿಸು ಅಂದಿದ್ದೇ ಅದಕ್ಕೆ ಶುರು ಆಗಬಹುದು. ಆನ್‌ಗೆ ಒಂದು ಮೆಸೇಜ್, ಆಫ್‌ಗೆ ಬೇರೆ ಮೆಸೇಜ್ ಇರೋದಾದರೆ ಆಫ್ ಮೆಸೇಜನ್ನ ಮಾತ್ರ "ನೀರು ಸಾಕು" ಅನ್ನೋದಕ್ಕೆ ಕಟ್ಟಿ. ಮೆಸೇಜ್ ಕಳಿಸೋ ಮುಂಚೆ ಸಹಾಯಕ "ಕಳಿಸಲಾ?" ಅಂತ ಕೇಳಿದರೆ ಆ ಸೌಲಭ್ಯವನ್ನ ರಗಳೆ ಅಂತ ತೆಗೆದುಹಾಕಬೇಡಿ. ಸ್ಟಾರ್ಟರ್ ನಂಬರನ್ನ ಬರೀ 'ಮೋಟರ್' ಅಂತಲೂ ಇಡಬೇಡಿ. ದಿನಾ ಮಾತಲ್ಲಿ ಬರದ ಹೆಸರು ಕೊಡಿ, ಹೊಲದ ಹೆಸರೋ ಇನ್ನೇನೋ, ಯಾರನ್ನೋ ಕರೆದರೆ ತಪ್ಪಿ ಅದಕ್ಕೆ ಹೋಗಬಾರದು. ಮತ್ತೆ, ಕರೆಂಟ್ ಬಂದ ಕೂಡಲೇ ತಾನೇ ಓಡೋ ಆಟೋ ಮೋಡ್‌ನಲ್ಲೂ ಇದೇ ಅಪಾಯ ಇದೆ. ಹಾಗಾಗಿ ಫೋನು ಇರಲಿ, ಬಿಡಲಿ, ಪೈಪಿಗೆ ಕೈ ಹಾಕೋ ಮುಂಚೆ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊಂಡು ಕೆಲಸ ಮಾಡಿ. ಫ್ಯೂಸ್ ಜೇಬಲ್ಲಿದ್ದರೆ ಯಾವ ಆ್ಯಪ್ ಏನು ಕೇಳಿಸ್ಕೊಂಡರೂ ಮೋಟರ್ ಓಡಲ್ಲ.

ಇಷ್ಟು ಬಿಟ್ಟರೆ ಧಾರಾಳವಾಗಿ ಮಾತಾಡಿಸಿ. ಹಾಲಿನ ಲೆಕ್ಕ ಬರೆಸಿ, ಕೂಲಿ ಹಾಜರಿ ಹೇಳಿ, ಹಸುವಿಗೆ ಸೆಮೆನ್ ಕೊಡಿಸಿದ ದಿನ ಹೇಳಿ 21 ದಿನಕ್ಕೆ ನೆನಪು ಮಾಡು ಅನ್ನಿ. ತಪ್ಪಾದರೆ ಅಳಿಸಿ ಬರೆಯಬಹುದು.

ನಮ್ಮ ದನಿ ಅಲ್ಲಿ ಇರಬೇಕು

ಚೀಟಿ ಬರೆದಿಡೋದು ನಮ್ಮ ಮಟ್ಟದ ಪರಿಹಾರ. ಕಿವಿಯೇ ಸುಧಾರಿಸಬೇಕು ಅಂದರೆ ಆ ಯಂತ್ರಗಳು ಕೇಳೋ ರೆಕಾರ್ಡಿಂಗ್‌ನಲ್ಲಿ ಹೊಲದ ಮಾತು ಇರಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆಸ್ಪಿನ್ ಅನ್ನೋ ಯೋಜನೆ ಕೃಷಿ ಮತ್ತು ಹಣಕಾಸಿನ ಮಾತುಗಳನ್ನೇ 9 ಭಾಷೆಗಳಲ್ಲಿ ಸಂಗ್ರಹಿಸಿದೆ, ಅದರಲ್ಲಿ ಕನ್ನಡ ಇದೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯಲ್ಲಿ ಭಾಷಾದಾನ ಅಂತ ಇದೆ, ಯಾರು ಬೇಕಾದರೂ ಫೋನಲ್ಲೇ ವಾಕ್ಯ ಓದಿ ದನಿ ಕೊಡಬಹುದು, ಬೇರೆಯವರು ಕೊಟ್ಟದ್ದು ಸರಿಯಿದೆಯಾ ಅಂತ ಕೇಳಿ ಹೇಳಬಹುದು. ಖಾಸಗಿ ಆ್ಯಪ್‌ಗೆ ದನಿ ಕೊಡೋದಕ್ಕಿಂತ ಇಂಥ ಸಾರ್ವಜನಿಕ ಸಂಗ್ರಹಕ್ಕೆ ಕೊಡೋದು ನನಗೆ ಸರಿ ಕಾಣುತ್ತೆ. ನಾಳೆ ಯಾವ ಸಣ್ಣ ಕಂಪನಿ ಬೇಕಾದರೂ, ಯಾವ ಕಾಲೇಜು ಹುಡುಗರು ಬೇಕಾದರೂ ಅದನ್ನ ಬಳಸಿ ರೈತರಿಗೆ ಏನಾದರೂ ಮಾಡಬಹುದು.

ಆದರೆ ಓದಿಸಿ ದನಿ ತೆಗೆಯೋ ಪದ್ಧತಿಯಲ್ಲಿ ನನಗೊಂದು ತಕರಾರು ಇದೆ. ಬರೆದ ವಾಕ್ಯ ಕೈಗೆ ಕೊಟ್ಟ ಕೂಡಲೇ ನಮ್ಮವರು ಶಾಲೆಯ ಕನ್ನಡಕ್ಕೆ ತಿರುಗಿಬಿಡ್ತಾರೆ. 'ಆಲು' ಅನ್ನೋನು 'ಹಾಲು' ಅಂತ ಕಷ್ಟಪಟ್ಟು ಓದ್ತಾನೆ. ಓದೋಕೆ ಬಾರದವರ ದನಿ ಅಲ್ಲಿಗೆ ಹೋಗೋದೇ ಇಲ್ಲ. ವಿಜ್ಞಾನ ಸಂಸ್ಥೆಯವರು ಗೂಗಲ್ ಜೊತೆ 2022ರಲ್ಲಿ ಘೋಷಿಸಿದ ವಾಣಿ ಯೋಜನೆಯಲ್ಲಿ ಚಿತ್ರ ತೋರಿಸಿ, ಇದರಲ್ಲಿ ಏನಿದೆ ಹೇಳಿ ಅಂತ ಜಿಲ್ಲೆ ಜಿಲ್ಲೆಯ ಜನರನ್ನ ಮಾತಾಡಿಸ್ತಾರೆ. ಇದು ಸರಿಯಾದ ದಾರಿ. ಜೋಳದ ಹೊಲದ ಚಿತ್ರ ತೋರಿಸಿದರೆ ಅಜ್ಜಿ ಪುಸ್ತಕದ ಕನ್ನಡ ಮಾತಾಡಲ್ಲ, ತನ್ನ ಕನ್ನಡವನ್ನೇ ಮಾತಾಡ್ತಾಳೆ. ನಿಮ್ಮೂರಿಗೆ ದನಿ ರೆಕಾರ್ಡ್ ಮಾಡೋರು ಬಂದರೆ, ಇದು ಯಾರಿಗಾಗಿ, ದನಿ ಎಲ್ಲಿಗೆ ಹೋಗುತ್ತೆ, ದುಡ್ಡು ಎಷ್ಟು ಕೊಡ್ತೀರಿ ಅಂತ ಮೊದಲು ಕೇಳಿ. ಉತ್ತರ ಸರಿ ಅನ್ನಿಸಿದರೆ ಕಾಲೇಜಿಗೆ ಹೋಗೋ ಹುಡುಗರನ್ನ ಹಿಂದೆ ಕೂರಿಸಿ, ಮೈಕ್ ಮುಂದೆ ಅಜ್ಜಿಯನ್ನ ಕೂರಿಸಿ.